ಕನ್ನಡ ಫಾಂಟ್ ಮಾಡಿದ್ದೇನೆ, ಉಚಿತವಾಗಿ ಹಂಚಬೇಕು. ಯಾರೂ ಕದಿಯದ ಹಾಗೆ ಹಂಚುವುದು ಹೇಗೆ?

ಕೆಲವು ವರ್ಷದ ಹಿಂದೆ ನಾನೂ ಇದೇ ಚಿಂತೆಯಲ್ಲಿದ್ದೆ. ಕದಿಯುವವರ ಬಗ್ಗೆಯೇ ಯೋಚಿಸುತ್ತಾ ಇದ್ದುದರಿಂದ ನಾನೇ ಮಾಡುತ್ತಿದ್ದ ತಪ್ಪು ಕಣ್ಣಿಗೆ ಬೀಳಲಿಲ್ಲ.

ನಮ್ಮೂರು ಗದಗ. ಅಪ್ಪ ಇಲ್ಲಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಬೆಟಗೇರಿ ಕಡೆಯ ಹಳೆ ಅಂಗಡಿ ಬೋರ್ಡುಗಳಲ್ಲಿ ಪೇಂಟರ್ ಕೈಯಿಂದ ಬರೆದ ದುಂಡನೆಯ ಅಕ್ಷರ ನೋಡಿ ನೋಡಿ, ಇಂಥದ್ದು ಕಂಪ್ಯೂಟರಿನಲ್ಲಿ ಯಾಕಿಲ್ಲ ಅನಿಸಿ ಫಾಂಟ್ ಮಾಡುವ ಸಾಫ್ಟ್‌ವೇರು ಫಾಂಟ್‌ಫೋರ್ಜ್ ಹಿಡಿದು ಕೂತೆ. ಎಂಟು ತಿಂಗಳು ಬೇಕಾಯಿತು. ಮೂಲ ಅಕ್ಷರಗಳು ಬೇಗ ಆಗುತ್ತವೆ, ಜೀವ ತಿನ್ನುವುದು ಒತ್ತಕ್ಷರ. ನಿಮಗೆ ಇದು ಗೊತ್ತೇ ಇರುತ್ತದೆ.

ಹಂಚಿದ ಮೂರನೇ ದಿನ ಒಬ್ಬರು ತೋರಿಸಿದರು. ‘ಲಕ್ಷ್ಮಿ’ ಅಂತ ಬರೆದರೆ ಷ ಒತ್ತು, ಮ ಒತ್ತು ಒಂದರ ಮೇಲೊಂದು ಬಿದ್ದು ಮಸಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ಅವತ್ತು ರಾತ್ರಿಯೇ ಸರಿ ಮಾಡಿದೆ. ಹಳೆ ಫೈಲ್ ತೆಗೆದು ಹೊಸದನ್ನು ಅದೇ ಜಾಗದಲ್ಲಿ, ಅದೇ ಹೆಸರಿನಲ್ಲಿ ಇಟ್ಟೆ. ವರ್ಷನ್ ನಂಬರ್ 1.000 ಇದ್ದದ್ದು ಹಾಗೇ ಉಳಿಯಿತು. ಆಮೇಲೆ ಅರ್ಕಾವತ್ತು ಸರಿ ಮಾಡಿದೆ, ಮತ್ತೆ ಹಾಗೇ ಇಟ್ಟೆ. ಆಮೇಲೆ ಅಕ್ಷರಗಳ ನಡುವಿನ ಜಾಗ. ಹೀಗೆ ಐದು ಸಲ. ಐದು ಬೇರೆ ಬೇರೆ ಫೈಲ್, ಐದಕ್ಕೂ ಒಂದೇ ಹೆಸರು, ಒಂದೇ ನಂಬರ್.

ಇದರಲ್ಲಿ ಏನು ಮಹಾ ಅನಿಸಬಹುದು. ನೋಡಿ, ನೀವು ಕಳಿಸುವ ಡಿಸೈನ್ ಫೈಲಿನೊಳಗೆ ಸಾಮಾನ್ಯವಾಗಿ ಫಾಂಟ್ ಇರುವುದಿಲ್ಲ, ಫಾಂಟಿನ ಹೆಸರು ಇರುತ್ತದೆ. ತೆರೆದ ಕಂಪ್ಯೂಟರು ಆ ಹೆಸರಿನದ್ದು ತನ್ನ ಹತ್ತಿರ ಯಾವುದಿದೆಯೋ ಅದನ್ನೇ ಹಾಕಿಕೊಳ್ಳುತ್ತದೆ. ಫಾಂಟ್ ಇಲ್ಲದೇ ಹೋದರೆ ಎಷ್ಟೋ ಸಾಫ್ಟ್‌ವೇರು ಎಚ್ಚರಿಸುತ್ತದೆ, ಆದರೆ ಹೆಸರು ಸಿಕ್ಕಿತು ಅಂದರೆ ಸುಮ್ಮನಿರುತ್ತದೆ. ನಮ್ಮ ಓಣಿಯ ಒಬ್ಬರ ಮಗಳ ಲಗ್ನಪತ್ರಿಕೆಗೆ ನನ್ನ ಫಾಂಟೇ ಬೇಕು ಅಂತ ಹುಡುಗಿಯ ಅಣ್ಣ ಪ್ರೀತಿಯಿಂದ ಮನೆಯಲ್ಲೇ ಡಿಸೈನ್ ಮಾಡಿದ. ಅವನ ಹತ್ತಿರ ಐದನೇ ಫೈಲ್ ಇತ್ತು, ಚಂದ ಕಾಣುತ್ತಿತ್ತು. ಮುಹೂರ್ತದ ಸಾಲು ಇನ್ನೂ ಬದಲಾಗುವುದಿತ್ತು, ಅದಕ್ಕೇ ಅಕ್ಷರ ಕಂಡ ಹಾಗೇ ಉಳಿಯುವ ಪಿಡಿಎಫ್ ಮಾಡದೆ ಡಿಸೈನ್ ಫೈಲನ್ನೇ ಪ್ರೆಸ್ಸಿಗೆ ಕೊಟ್ಟ. ಪ್ರೆಸ್ಸಿನಲ್ಲಿ ಇದ್ದದ್ದು ನನ್ನ ಮೊದಲನೇ ಫೈಲ್. ಅವರು ಕೇಳಿದರು ಕೂಡ, ‘ಯಾವ ವರ್ಷನ್?’ ಅಂತ. ಇವನು ನೋಡಿ ‘1.000’ ಅಂದ. ಅವರದ್ದೂ 1.000, ಹಾಗಾದರೆ ಸರಿ ಅಂತ ಅಚ್ಚು ಹಾಕಿದರು. 400 ಪತ್ರಿಕೆ. ಹುಡುಗಿಯ ಹೆಸರು ಲಕ್ಷ್ಮಿ.

ಆ ಕಾರ್ಡು ಕೈಯಲ್ಲಿ ಹಿಡಿದು ಅವಳ ತಾಯಿ ‘ಹೆಸರೇ ಓದಾಕ ಬರವಲ್ದಲ್ಲೋ ತಮ್ಮಾ’ ಅಂದದ್ದು ಇವತ್ತಿಗೂ ನೆನಪಿದೆ. ಮತ್ತೆ ಅಚ್ಚು ಹಾಕಿಸಲು ದುಡ್ಡು ನಾನೇ ಕೊಟ್ಟೆ. ಪ್ರೆಸ್ಸಿನವರದ್ದು ಏನೂ ತಪ್ಪಿರಲಿಲ್ಲ.

ಅಪ್ಪ ಹೇಳುತ್ತಿದ್ದರು, ಸವೆದ ಮೊಳೆಯನ್ನು ಕರಗಿಸಿಬಿಡುತ್ತಿದ್ದೆವು ಅಂತ. ಫೈಲ್ ಹಾಗಲ್ಲ. ಒಮ್ಮೆ ಹೋಯಿತು ಅಂದರೆ ಯಾರದೋ ಪೆನ್‌ಡ್ರೈವಿನಲ್ಲಿ ವರ್ಷಗಟ್ಟಲೆ ಇರುತ್ತದೆ, ನೀವು ವಾಪಸ್ ತರಿಸಿಕೊಳ್ಳಲು ಆಗಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಉಚಿತವಾಗಿ ಕೊಟ್ಟಮೇಲೆ ಕದಿಯಲು ಏನಿದೆ? ಅದು ನಾಲ್ಕು ಕಡೆ ಹೋಗಲಿ ಅಂತ ತಾನೇ ಕೊಡುವುದು. ‘ಸ್ವಂತ ಬಳಕೆಗೆ ಮಾತ್ರ ಉಚಿತ’ ಅಂತ ದಯವಿಟ್ಟು ಹಾಕಬೇಡಿ. ಲಗ್ನಪತ್ರಿಕೆ ಅಚ್ಚು ಹಾಕುವವನದ್ದೂ ವ್ಯಾಪಾರವೇ ಅಲ್ವಾ, ಅವನು ಬಳಸಬಾರದಾ? ಗುಬ್ಬಿ, ನವಿಲು ಅನ್ನುವ ಕನ್ನಡ ಫಾಂಟುಗಳು ಡೆಬಿಯನ್ ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ಮಿನ ಜೊತೆಗೇ ಸಿಗುತ್ತವೆ. ವ್ಯಾಪಾರಕ್ಕೆ ಬೇಡ ಅಂದ ಫಾಂಟನ್ನು ಡೆಬಿಯನ್‌ನವರು ಮುಖ್ಯ ಸಂಗ್ರಹಕ್ಕೆ ಸೇರಿಸಿಕೊಳ್ಳುವುದಿಲ್ಲ.

ಎಸ್‌ಐಎಲ್ ಅನ್ನುವ ಸಂಸ್ಥೆಯವರ ಓಪನ್ ಫಾಂಟ್ ಲೈಸೆನ್ಸ್ 1.1 ಹಾಕಿ. 2007ರಿಂದ ಇದೆ, ಬರೀ ಫಾಂಟಿಗೆಂದೇ ಬರೆದದ್ದು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಆದರೆ ಫಾಂಟನ್ನಷ್ಟೇ ಮಾರುವಂತಿಲ್ಲ. ಅದರಲ್ಲಿ ಹೆಸರನ್ನು ಕಾಯ್ದಿರಿಸಲೂ ಅವಕಾಶ ಇದೆ. ಕಾಯ್ದಿರಿಸಿದರೆ, ತಿದ್ದಿದವರು ತಮ್ಮದಕ್ಕೆ ಬೇರೆ ಹೆಸರು ಇಡಲೇಬೇಕು. ನನಗೆ ಬೇಕಿದ್ದ ಕಾವಲು ಇಷ್ಟೇ, ಒಂದು ಹೆಸರಿಗೆ ಒಂದೇ ಫಾಂಟ್. ಲೈಸೆನ್ಸಿನ ಫೈಲನ್ನು ಜಿಪ್‌ನಲ್ಲಿ ಇಡಿ, ಫಾಂಟಿನೊಳಗೂ ಬರೆಯಿರಿ. ಜಿಪ್ ಬಿಚ್ಚಿದಮೇಲೆ ಜನ ಟಿಟಿಎಫ್, ಅಂದರೆ ಫಾಂಟಿನ ಫೈಲ್ ಮಾತ್ರ ಮುಂದಕ್ಕೆ ಕಳಿಸುತ್ತಾರೆ.

ಒಂದು ಚುಕ್ಕೆ ಸರಿಸಿದರೂ ಫಾಂಟ್‌ಫೋರ್ಜಿನ ಫಾಂಟ್ ಇನ್ಫೋಗೆ ಹೋಗಿ ವರ್ಷನ್ ಬದಲಿಸಿ, ಜಿಪ್ ಹೆಸರಿನಲ್ಲೂ ಆ ನಂಬರ್ ಹಾಕಿ, ಏನು ಬದಲಾಯಿತು ಅಂತ ಎರಡು ಸಾಲು ಬರೆದಿಡಿ. ಹಂಚುವ ಮುಂಚೆ ಲಕ್ಷ್ಮಿ, ರಾಷ್ಟ್ರ, ಸ್ತ್ರೀ, ಸಂಸ್ಕೃತಿ, ಧರ್ಮ ಇಷ್ಟನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ನೋಡಿ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿದರೆ ಗೊತ್ತಾಗಲ್ಲ, ಪತ್ರಿಕೆಯಲ್ಲಿ ಹೆಸರು ಎಷ್ಟು ದೊಡ್ಡದಿರುತ್ತದೋ ಅಷ್ಟೇ ಗಾತ್ರದಲ್ಲಿ ತೆಗೆಯಿರಿ.