ಸಂಪಾದಕರ ಉತ್ತರ: ಗೆದ್ದ ತಂಡದ ಮೇಲೆ ಸಿಟ್ಟಾಗಬಹುದೇ?

ಈ ಸಲ ಒಂದೇ ಪತ್ರಕ್ಕೆ ಪೂರ್ತಿ ಜಾಗ ಕೊಟ್ಟಿದ್ದೇನೆ. ಬರೆದವರು ಹಾಸನದ ಕಡೆಯವರು, ಅಮೆರಿಕದ ಅಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್‌ನಲ್ಲಿ ಎಂಜಿನಿಯರ್. ಹೆಸರು ಹಾಕಬೇಡಿ ಎಂದಿದ್ದಾರೆ. ಮಗ ಅಯೋವಾ ವಿಶ್ವವಿದ್ಯಾಲಯ ಸೇರಿದಾಗಿನಿಂದ ಅಪ್ಪ, ಮಗ ಇಬ್ಬರಿಗೂ ಅಲ್ಲಿಯ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ತಂಡ ಹಾಕೈಸ್‌ನ ಹುಚ್ಚು ಹಿಡಿದಿದೆ. ಪತ್ರ ಉದ್ದವಾಗಿದೆ. ಮುಖ್ಯ ಭಾಗ ಇದು:

"2022 ಮತ್ತು 2023ರ ಆಟಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮುಂದಿನ ಪ್ಲೇ ಏನೆಂದು ಮೇಲೆ ಗ್ಯಾಲರಿಯಲ್ಲಿ ಕೂತ ನನಗೇ ಗೊತ್ತಾಗುತ್ತಿತ್ತು. ಎದುರಾಳಿಗೆ ಗೊತ್ತಾಗದೆ ಇರುತ್ತದೆಯೇ? ಅಷ್ಟು ಒಳ್ಳೆಯ ಡಿಫೆನ್ಸ್ ಇಟ್ಟುಕೊಂಡು ಆಫೆನ್ಸ್ ಹೀಗಾದರೆ ಹೇಗೆ? ಗೆದ್ದ ದಿನವೂ ಸಿಟ್ಟಿನಲ್ಲೇ ಮನೆಗೆ ಬರುತ್ತಿದ್ದೆವು. ಪಕ್ಕದ ಸೀಟಿನ ಹಿರಿಯರು 'ಗೆದ್ದೆವಲ್ಲ, ಇನ್ನೇನು ಬೇಕು' ಎನ್ನುತ್ತಿದ್ದರು. ಗೆದ್ದ ತಂಡದ ಮೇಲೆ ಸಿಟ್ಟಾಗುವುದು ತಪ್ಪೇ? ಸುತ್ತಲಿನವರು ಬೂ ಎಂದು ಕೂಗಿದಾಗ ಮಗನೂ ಕೂಗಿದ. ತಡೆಯಬೇಕಿತ್ತೇ? ಮುಂದಿನ ಸೀಸನ್ ಟಿಕೆಟ್ ಮತ್ತೆ ತೆಗೆದುಕೊಳ್ಳಲೇ, ಬಿಡಲೇ?"

ಆತ್ಮೀಯರೇ,

ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಅದು ಪ್ಲೇ ಕರೆದವರ, ಅಂದರೆ ಮೈದಾನದಲ್ಲಿ ಮುಂದೆ ಯಾವ ಯೋಜನೆ ಆಡಬೇಕೆಂದು ಹೇಳಿದವರ ಮೇಲೆ ಮಾತ್ರ ನಿಂತಿದೆ. ಅವರಿಗಿಂತ ಒಂದು ಮೆಟ್ಟಿಲು ಮೇಲಕ್ಕೆ ಹೋಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಈ ಆಟ ನೋಡದ ಓದುಗರಿಗಾಗಿ ಎರಡು ಮಾತು. ಚೆಂಡು ಹಿಡಿದು ಮುನ್ನುಗ್ಗುವ ಪಡೆ ಆಫೆನ್ಸ್, ಎದುರಾಳಿಯನ್ನು ತಡೆಯುವ ಪಡೆ ಡಿಫೆನ್ಸ್. ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಯಾರ್ಡ್ ಮುನ್ನುಗ್ಗಲು ನಾಲ್ಕು ಅವಕಾಶ. ಅದಕ್ಕೆ ಡೌನ್ ಎನ್ನುತ್ತಾರೆ. ಮೂರರಲ್ಲಿ ಆಗದಿದ್ದರೆ ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸುತ್ತಾರೆ, ಅದು ಪಂಟ್. ಪ್ರತಿ ಡೌನ್‌ಗೂ ಏನು ಆಡಬೇಕೆಂದು ಹೇಳುವವರು ಆಫೆನ್ಸಿವ್ ಕೋಆರ್ಡಿನೇಟರ್. ನೀವು ಹೇಳುವ ಎರಡು ವರ್ಷ ಅಯೋವಾದಲ್ಲಿ ಆ ಕೆಲಸ ಬ್ರಯಾನ್ ಫೆರೆಂಟ್ಜ್ ಅವರದಾಗಿತ್ತು. 1999ರಿಂದ ತಂಡದ ಮುಖ್ಯ ಕೋಚ್ ಆಗಿರುವ ಕಿರ್ಕ್ ಫೆರೆಂಟ್ಜ್ ಅವರ ಮಗ ಇವರು.

ನಿಮ್ಮ ಹೊಟ್ಟೆಯುರಿಗೆ ಲೆಕ್ಕದ ಆಧಾರವೂ ಇದೆ. 2022ರಲ್ಲಿ ಆಫೆನ್ಸ್ ಪ್ರತಿ ಆಟಕ್ಕೆ ಗಳಿಸಿದ ಯಾರ್ಡ್‌ಗಳ ಪಟ್ಟಿಯಲ್ಲಿ ಅಯೋವಾ 131 ತಂಡಗಳ ಪೈಕಿ 130ನೆಯದು. ಇದಕ್ಕಿಂತ ಕೆಳಗೆ ಹೋಗಲಾರರು ಎಂದುಕೊಂಡರೆ ಮರುವರ್ಷ 133 ತಂಡಗಳಲ್ಲಿ ಕಟ್ಟಕಡೆಯದಾಯಿತು: ಆಟಕ್ಕೆ 234.6 ಯಾರ್ಡ್, 15.4 ಅಂಕ. ಅದೇ 2023ರಲ್ಲಿ ಫಿಲ್ ಪಾರ್ಕರ್ ಅವರ ಡಿಫೆನ್ಸ್ ಹದಿನಾಲ್ಕು ಆಟಗಳಲ್ಲಿ ಬಿಟ್ಟುಕೊಟ್ಟದ್ದು ಆಟಕ್ಕೆ ಹದಿನೈದು ಅಂಕಕ್ಕೂ ಕಡಿಮೆ. ಪಾರ್ಕರ್ ಅವರಿಗೆ ದೇಶದ ಅತ್ಯುತ್ತಮ ಸಹಾಯಕ ಕೋಚ್‌ಗೆ ಕೊಡುವ ಬ್ರಾಯ್ಲ್ಸ್ ಪ್ರಶಸ್ತಿ ಬಂತು. ಪಂಟ್ ಒದೆಯುವ ಟೋರಿ ಟೇಲರ್ ಮೆಲ್ಬರ್ನ್‌ನಿಂದ ಬಂದ ಹುಡುಗ. ಒಂದೇ ಸೀಸನ್‌ನಲ್ಲಿ ಒಟ್ಟು 4,479 ಯಾರ್ಡ್ ಒದ್ದು ರಾಷ್ಟ್ರೀಯ ದಾಖಲೆ ಮಾಡಿದ, ಅತ್ಯುತ್ತಮ ಪಂಟರ್‌ಗೆ ಕೊಡುವ ರೇ ಗೈ ಪ್ರಶಸ್ತಿ ಗೆದ್ದ. ಆ ದಾಖಲೆಗೆ ಹೆಮ್ಮೆ ಪಡಬೇಕು, ನಿಜ. ಆದರೆ ಪಂಟರ್ ದಾಖಲೆ ಮುರಿಯಬೇಕಾದರೆ ಅದಕ್ಕೂ ಮೊದಲು ಆಫೆನ್ಸ್ ಎಷ್ಟು ಸಲ ಕೈಚೆಲ್ಲಿರಬೇಕು!

ಸೆಪ್ಟೆಂಬರ್ 3, 2022ರ ಆಟವನ್ನು ನೀವು ಮರೆತಿರಲಾರಿರಿ. ಒಂದು ಹಂತ ಕೆಳಗಿನ ವಿಭಾಗದಲ್ಲಿ ಆಡುವ ಸೌತ್ ಡಕೋಟಾ ಸ್ಟೇಟ್ ಎದುರು ಅಯೋವಾ 7–3ರಿಂದ ಗೆದ್ದಿತು. ಏಳು ಅಂಕ ಎಂದರೆ ಹೊರಗಿನವರು ಒಂದು ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಗೆರೆ ದಾಟಿಸಿದ್ದು ಎಂದುಕೊಳ್ಳುತ್ತಾರೆ. ಅಲ್ಲ. ಒಂದು ಫೀಲ್ಡ್ ಗೋಲ್, ಅಂದರೆ ಚೆಂಡನ್ನು ಗೋಲು ಕಂಬಗಳ ನಡುವೆ ಒದ್ದದ್ದು, ಅದಕ್ಕೆ ಮೂರು. ಉಳಿದದ್ದು ಎರಡು ಸೇಫ್ಟಿ, ಅಂದರೆ ಎದುರಾಳಿಯನ್ನು ಅವರದೇ ಗೋಲಿನೊಳಗೆ ಕೆಡವಿದ್ದಕ್ಕೆ ಎರಡೆರಡು. ಟೇಲರ್ ಚೆಂಡನ್ನು ಮತ್ತೆ ಮತ್ತೆ ಅವರ ಗೆರೆಯ ಹತ್ತಿರಕ್ಕೆ ಒದ್ದ, ಡಿಫೆನ್ಸ್ ಅಲ್ಲೇ ಒತ್ತಿ ಹಿಡಿಯಿತು. ಹಾಗಾಗಿ ಏಳರಲ್ಲಿ ನಾಲ್ಕು ಅಂಕ ಗಳಿಸಿಕೊಟ್ಟದ್ದು ಡಿಫೆನ್ಸ್.

ನಿಮ್ಮ ಪರವಾಗಿ ನಾನು ಎಲ್ಲಕ್ಕಿಂತ ಮೊದಲು ಮುಂದಿಡುವ ಸಾಕ್ಷಿ ಸ್ಯಾಮ್ ಲಪೋರ್ಟಾ. 2022ರಲ್ಲಿ ಅಯೋವಾದ ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ, ಪಾಸ್ ಹಿಡಿಯುವ ಎರಡೂ ಕೆಲಸದ ಆಟಗಾರ) ಆಗಿ ಇಡೀ ಸೀಸನ್‌ಗೆ ಆತ ಗಳಿಸಿದ್ದು ಒಂದು ಟಚ್‌ಡೌನ್. ಮರುವರ್ಷ ಡೆಟ್ರಾಯಿಟ್ ಲಯನ್ಸ್ ಸೇರಿ, ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಮೊದಲ ವರ್ಷದಲ್ಲೇ 86 ಪಾಸ್ ಹಿಡಿದು ಹತ್ತು ಟಚ್‌ಡೌನ್ ಮಾಡಿದ. ಕಾಲೇಜಿಗಿಂತ ಎಷ್ಟೋ ಗಟ್ಟಿ ಡಿಫೆನ್ಸ್‌ಗಳ ಎದುರು! ಆಟಗಾರರೇ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ಈ ಒಂದು ಹೆಸರು ಹೇಳಿ.

ಇಷ್ಟು ಹೇಳಿಯೂ, ಎಲ್ಲ ತಪ್ಪನ್ನೂ ಪ್ಲೇ ಕರೆದವರ ತಲೆಗೆ ಕಟ್ಟಲು ನನಗೆ ಮನಸ್ಸು ಬರುವುದಿಲ್ಲ. ಇದೇ ಬ್ರಯಾನ್ ಕೋಆರ್ಡಿನೇಟರ್ ಆದ ಮೊದಲ ವರ್ಷ, 2017ರ ನವೆಂಬರ್ 4ರಂದು, ತಂಡದ ತವರಾದ ಇದೇ ಕಿನ್ನಿಕ್ ಕ್ರೀಡಾಂಗಣದಲ್ಲಿ ಒಹಾಯೊ ಸ್ಟೇಟ್ ಮೇಲೆ ಅಯೋವಾ 55 ಅಂಕ ಹೊಡೆದಿತ್ತು. ಆಗ ತಂಡದಲ್ಲಿದ್ದ ಟೈಟ್ ಎಂಡ್‌ಗಳು ಟಿ.ಜೆ. ಹಾಕೆನ್ಸನ್ ಮತ್ತು ನೋವಾ ಫ್ಯಾಂಟ್. 2019ರಲ್ಲಿ ಇಬ್ಬರೂ ಎನ್‌ಎಫ್‌ಎಲ್‌ನ ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ಐದು ವರ್ಷದಲ್ಲಿ ಅದೇ ಮನುಷ್ಯ ಆಟವನ್ನೇ ಮರೆತುಬಿಟ್ಟರೇ? 2021ರ ಕೊನೆಗೆ ಮುಂದಿನ ಸಾಲಿನ ನಡುವೆ ನಿಲ್ಲುವ ಸೆಂಟರ್ ಟೈಲರ್ ಲಿಂಡರ್‌ಬಾಮ್ ತಂಡ ಬಿಟ್ಟ ಮೇಲೆ ಮುಂಗೋಡೆಯಂತಿದ್ದ ಸಾಲು ಸಡಿಲಾಯಿತು. 2023ರಲ್ಲಿ ಭರವಸೆಯಿಟ್ಟು ಕರೆತಂದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಫೆನ್ಸ್ ನಡೆಸುವವನು) ಕೇಡ್ ಮೆಕ್‌ನಮಾರಾ ಸೆಪ್ಟೆಂಬರ್ ಕೊನೆಯಲ್ಲೇ ಮಂಡಿ ಪೆಟ್ಟಾಗಿ ಕೂತರು. ಟೈಟ್ ಎಂಡ್‌ಗಳಾದ ಲೂಕ್ ಲಾಚಿ, ಎರಿಕ್ ಆಲ್ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಗಾಯಗೊಂಡರು. ಎರಡನೆಯ ಕ್ವಾರ್ಟರ್‌ಬ್ಯಾಕ್ ಡೀಕನ್ ಹಿಲ್ ಉಳಿದ ಸೀಸನ್ ಹೊರಬೇಕಾಯಿತು.

ಒಂದು ಪ್ಲೇ ಮೈದಾನಕ್ಕೆ ಬರುವ ದಾರಿಯನ್ನು ನೋಡಿ. ಹಿಂದಿನ ಪ್ಲೇ ಮುಗಿದೊಡನೆ 40 ಸೆಕೆಂಡಿನ ಗಡಿಯಾರ ಓಡತೊಡಗುತ್ತದೆ. ಅಷ್ಟರಲ್ಲಿ ಕೋಆರ್ಡಿನೇಟರ್ ಯೋಚಿಸಿ ಹೇಳಬೇಕು, ಹುಡುಗರಿಗೆ ತಲುಪಬೇಕು, ಅವರು ಸಾಲಾಗಿ ನಿಲ್ಲಬೇಕು. ಆಗಿನ್ನೂ ಕಾಲೇಜು ಆಟದಲ್ಲಿ ಹೆಲ್ಮೆಟ್‌ನೊಳಗೆ ರೇಡಿಯೊ ಇರಲಿಲ್ಲ, ಅದಕ್ಕೆ ಅನುಮತಿ ಸಿಕ್ಕಿದ್ದು 2024ರಲ್ಲಿ. ಕೈಸನ್ನೆ, ಮಣಿಕಟ್ಟಿಗೆ ಕಟ್ಟಿದ ಚೀಟಿ, ಇವೇ ಗತಿ. ಹೀಗಿರುವಾಗ ಆ ಗಳಿಗೆಯಲ್ಲಿ ಹೊಸದೇನೂ ಹುಟ್ಟುವುದಿಲ್ಲ. ವಾರವಿಡೀ ಅಭ್ಯಾಸ ಮಾಡಿದ್ದರಲ್ಲೇ ಒಂದನ್ನು ಆರಿಸುತ್ತಾರೆ. ಅಭ್ಯಾಸಕ್ಕೆ ಏನು ಬರಬೇಕು, ಎಷ್ಟು ಧೈರ್ಯ ಮಾಡಬೇಕು ಎಂಬುದನ್ನು ತೀರ್ಮಾನಿಸುವವರು ಮುಖ್ಯ ಕೋಚ್.

ಕಿರ್ಕ್ ಫೆರೆಂಟ್ಜ್ ಅವರ ಆಟದ ರೀತಿ ಇಪ್ಪತ್ತೈದು ವರ್ಷದಿಂದ ಎಲ್ಲರ ಕಣ್ಣ ಮುಂದಿದೆ. ಚೆಂಡು ಕಳೆದುಕೊಳ್ಳಬೇಡ. ಆಗದಿದ್ದರೆ ಒದ್ದು ದೂರ ಕಳಿಸು. ಎದುರಾಳಿ ತಪ್ಪು ಮಾಡುವವರೆಗೆ ಕಾಯಿ. ಬರಗಾಲ ಬಂದೀತೆಂದು ಸುಗ್ಗಿಯಲ್ಲೂ ಹಗೇವಿನ ಬಾಯಿ ತೆರೆಯದ ಯಜಮಾನನ ಲೆಕ್ಕಾಚಾರ ಇದು. ಮನೆ ಮುಳುಗುವುದಿಲ್ಲ, ಉಣ್ಣುವವರ ಹೊಟ್ಟೆಯೂ ತುಂಬುವುದಿಲ್ಲ. ಮೊದಲ ಡೌನ್‌ನಲ್ಲಿ ಮಧ್ಯಕ್ಕೆ ಓಟ, ಎರಡು ಯಾರ್ಡ್. ಎರಡನೆಯದರಲ್ಲಿ ಇನ್ನೊಂದು ಓಟ, ಒಂದು ಯಾರ್ಡ್. ಮೂರನೆಯದರಲ್ಲಿ ಏಳು ಬೇಕು, ನಾಲ್ಕು ಯಾರ್ಡಿನ ಪಾಸ್. ಅಷ್ಟಾಗುವಾಗಲೇ ಟೇಲರ್ ಅಂಚಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಸಿದ್ಧ. ನಿಮಗೆ ಮೊದಲೇ ಗೊತ್ತಾಗುತ್ತಿತ್ತು ಎಂದಿರಿ. ಗೊತ್ತಾದರೂ ಪರವಾಗಿಲ್ಲ, ನಮ್ಮ ಹುಡುಗರು ಅದನ್ನೇ ಅವರಿಗಿಂತ ಚೆನ್ನಾಗಿ ಮಾಡುತ್ತಾರೆ ಎಂಬುದು ಈ ಪದ್ಧತಿಯ ನಂಬಿಕೆ. ಮುಂದಿನ ಸಾಲು ಗಟ್ಟಿಯಿದ್ದ ವರ್ಷ ಆ ನಂಬಿಕೆ ಉಳಿಯುತ್ತದೆ. ಇಲ್ಲದ ವರ್ಷ ನೀವು ಕಂಡದ್ದಾಗುತ್ತದೆ.

2023ರ ಅಕ್ಟೋಬರ್ 21ರ ಮಿನ್ನೆಸೋಟ ಆಟವನ್ನೇ ತೆಗೆದುಕೊಳ್ಳಿ. ಕೊನೆಯ ಎರಡು ನಿಮಿಷದೊಳಗೆ ಕೂಪರ್ ಡಿಜೀನ್ ಪಂಟ್ ಹಿಡಿದು ಟಚ್‌ಡೌನ್‌ವರೆಗೆ ಓಡಿದ. ಹಿಡಿಯುವ ಮೊದಲು ಎಡಗೈ ಬೀಸಿದ್ದು ಫೇರ್ ಕ್ಯಾಚ್, ಅಂದರೆ ಹಿಡಿದ ಮೇಲೆ ಓಡುವುದಿಲ್ಲ ಎಂಬ ಸನ್ನೆಯಾಯಿತೆಂದು ಅಂಪೈರ್‌ಗಳು ಮರುಪರಿಶೀಲನೆಯಲ್ಲಿ ಅದನ್ನು ರದ್ದು ಮಾಡಿದರು. ಅಯೋವಾ 12–10ರಿಂದ ಸೋತಿತು. ಆ ಕೈ ಬೀಸಿದ್ದರ ಬಗ್ಗೆ ಅಯೋವಾದ ಜನ ಇವತ್ತಿಗೂ ವಾದಿಸುತ್ತಾರೆ, ನೀವೂ ಪತ್ರದಲ್ಲಿ ಅರ್ಧ ಪುಟ ಬರೆದಿದ್ದೀರಿ. ನಾನು ಅಂಪೈರ್‌ಗಳ ಬಗ್ಗೆ ವಾದಿಸುವುದಿಲ್ಲ. ಅಷ್ಟು ಹೊತ್ತಿನ ಆಟದಲ್ಲಿ ಆಫೆನ್ಸ್ ಒಟ್ಟು ಮುಂದೆ ಹೋದದ್ದು 127 ಯಾರ್ಡ್. ಒಂದು ಪಂಟ್ ರಿಟರ್ನ್ ಮೇಲೆ ಇಡೀ ಶನಿವಾರ ನಿಲ್ಲುವಂತೆ ಮಾಡಿದವರು ಅಂಪೈರ್‌ಗಳಲ್ಲ.

ಇನ್ನು ಬ್ರಯಾನ್ ಅವರ ಒಪ್ಪಂದದ ವಿಚಾರ. ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ಬೇಸರ ತಂದದ್ದು ಇದು. 2023ರ ಫೆಬ್ರುವರಿಯಲ್ಲಿ ಬ್ರಯಾನ್ ಅವರ ಸಂಬಳವನ್ನು ಒಂಬತ್ತು ಲಕ್ಷ ಡಾಲರ್‌ನಿಂದ ಎಂಟೂವರೆ ಲಕ್ಷಕ್ಕೆ ಇಳಿಸಿ, ಆಟಕ್ಕೆ ಸರಾಸರಿ 25 ಅಂಕ ಮತ್ತು ಕನಿಷ್ಠ ಏಳು ಗೆಲುವು ಬರಬೇಕೆಂದು ಷರತ್ತು ಹಾಕಿದರು. ಆ 25ರಲ್ಲಿ ಡಿಫೆನ್ಸ್ ಗಳಿಸಿದ ಅಂಕವೂ ಸೇರುತ್ತಿತ್ತು, ಪಂಟ್ ಹಿಡಿದು ಓಡಿದ ಅಂಕವೂ ಸೇರುತ್ತಿತ್ತು. ಹಾಗಾದರೆ ಅದು ಆಫೆನ್ಸ್‌ನ ಅಳತೆ ಹೇಗಾಯಿತು? ತಂದೆಯ ಕೈಕೆಳಗೆ ಮಗ ಕೆಲಸ ಮಾಡುವಂತಿಲ್ಲವೆಂಬ ನಿಯಮದಿಂದಾಗಿ ಬ್ರಯಾನ್ ಕಾಗದದ ಮೇಲೆ ಅಥ್ಲೆಟಿಕ್ ಡೈರೆಕ್ಟರ್‌ಗೆ, ಅಂದರೆ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥರಿಗೆ ಉತ್ತರ ಕೊಡಬೇಕಾಗಿತ್ತು. ಈ ಪದ್ಧತಿ ನಡೆಯುತ್ತಿಲ್ಲ, ಬದಲಾಯಿಸಿ ಎಂದು ತಂದೆಯ ಎದುರು ಕೂತು ಹೇಳಬೇಕಾದವರು ಹೇಳಲಿಲ್ಲ. ಮಗನ ಕೊರಳಿಗೆ ಒಂದು ಅಂಕಿ ಕಟ್ಟಿದರು. ಆಮೇಲೆ ನಡೆದದ್ದು ಒಬ್ಬ ನೌಕರನ ಕೆಲಸ ಉಳಿಯುವುದೋ ಹೋಗುವುದೋ ಎಂದು ವಾರವಾರ ಇಡೀ ದೇಶ ಲೆಕ್ಕ ಹಾಕಿದ ತಮಾಷೆ. ಆ ವರ್ಷ ತಂಡ ಹದಿನಾಲ್ಕು ಆಟಗಳಲ್ಲಿ ಗಳಿಸಿದ್ದು ಒಟ್ಟು 216. ಲೆಕ್ಕ ಮುಗಿಯುವವರೆಗೂ ಕಾಯಲಿಲ್ಲ. ಅಕ್ಟೋಬರ್ 30ರಂದೇ ಹಂಗಾಮಿ ಅಥ್ಲೆಟಿಕ್ ಡೈರೆಕ್ಟರ್ ಬೆತ್ ಗೆಟ್ಜ್, ಸೀಸನ್ ಮುಗಿದ ಮೇಲೆ ಬ್ರಯಾನ್ ಮುಂದುವರಿಯುವುದಿಲ್ಲ ಎಂದು ಪ್ರಕಟಿಸಿದರು.

ನಿಮ್ಮ ಪಕ್ಕದ ಸೀಟಿನ ಹಿರಿಯರಿಗೆ ಉತ್ತರ ಇಲ್ಲೇ ಇದೆ. ಆ ದಿನ ಅಯೋವಾ ಆರು ಗೆದ್ದು ಎರಡೇ ಸೋತಿತ್ತು. ಗೆದ್ದೆವಲ್ಲ ಎಂಬುದು ಸಾಕಾಗುವುದಿಲ್ಲ ಎಂದು ವಿಶ್ವವಿದ್ಯಾಲಯವೇ ಒಪ್ಪಿಕೊಂಡ ಹಾಗಾಯಿತು. ಏಕೆ ಸಾಲದು ಎಂಬುದು ಡಿಸೆಂಬರ್‌ನಲ್ಲಿ ಕಾಣಿಸಿತು: ಅಯೋವಾ ಆಡುವ ಲೀಗ್ ಬಿಗ್ ಟೆನ್‌ನ ಫೈನಲ್‌ನಲ್ಲಿ ಮಿಶಿಗನ್ ಎದುರು 26–0 ಸೋಲು. ಹೊಸ ವರ್ಷದ ದಿನ ಟೆನೆಸ್ಸೀ ಎದುರು 35–0 ಸೋಲು. ಸಮಾನರ ಎದುರು 15–13, 13–10 ಎಂದು ಗೆಲ್ಲಿಸುವ ಎಚ್ಚರಿಕೆ, ಬಲಿಷ್ಠರ ಎದುರು ಹಿಂದೆ ಬಿದ್ದಾಗ ಕೈಗೆ ಬರುವುದಿಲ್ಲ. ಅಂಥ ಡಿಫೆನ್ಸ್ ತಂಡಕ್ಕೆ ಪ್ರತಿ ವರ್ಷ ಸಿಗುವುದಿಲ್ಲ, ಸಿಕ್ಕಿದ್ದು ಹೀಗೆ ಖರ್ಚಾಯಿತು. ನಿಮ್ಮ ಸಿಟ್ಟಿನ ಬೇರು ಇದು ಎಂದು ನನಗನಿಸುತ್ತದೆ.

ಅದೇ ಹಿರಿಯರ ಮಾತಿನಲ್ಲಿ ಹುರುಳೇ ಇಲ್ಲವೆನ್ನಲಾರೆ. 2024ರಲ್ಲಿ ಬ್ರಯಾನ್ ಅವರ ಜಾಗಕ್ಕೆ ಟಿಮ್ ಲೆಸ್ಟರ್ ಬಂದರು. ಚೆಂಡು ಕೈಗೆ ಬರುವ ಮೊದಲೇ ಆಟಗಾರರು ಜಾಗ ಬದಲಿಸಿ ಎದುರಾಳಿಯನ್ನು ಗೊಂದಲಕ್ಕೆ ಕೆಡವುವುದು ಕಾಣತೊಡಗಿತು. ಹಿಂದೆಯೂ ತಂಡದಲ್ಲೇ ಇದ್ದ ಕೇಲೆಬ್ ಜಾನ್ಸನ್ 1,537 ಯಾರ್ಡ್ ಓಡಿ 21 ಟಚ್‌ಡೌನ್ ಹೊಡೆದ. ತಂಡದ ಸರಾಸರಿ 27.7 ಅಂಕಕ್ಕೆ ಏರಿತು. ಪ್ಲೇ ಕರೆಯುವವರು ಬದಲಾದರೆ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಇದು ನಿಮ್ಮ ಪರ. ಆದರೆ ಗೆಲುವು ಹತ್ತರಿಂದ ಎಂಟಕ್ಕೆ ಇಳಿಯಿತು, ಪಾಸ್ ಆಟ ಆ ವರ್ಷವೂ ಸೊರಗಿಯೇ ಇತ್ತು. ಅಷ್ಟಾದರೂ ನೀವು ಪತ್ರದಲ್ಲಿ 2024ನ್ನು ಒಂದು ಸಲವೂ ಬೈದಿಲ್ಲ. ಎಂಟು ಗೆದ್ದ ವರ್ಷ ನೀವು ಸಮಾಧಾನವಾಗಿದ್ದಿರಿ, ಹತ್ತು ಗೆದ್ದ ವರ್ಷ ಕುದಿಯುತ್ತಿದ್ದಿರಿ. ಇದರಲ್ಲಿ ತಪ್ಪೇನೂ ಇಲ್ಲ. ಪ್ರಯತ್ನ ಮಾಡಿ ಸೋತವರನ್ನು ಪ್ರೇಕ್ಷಕ ಕ್ಷಮಿಸುತ್ತಾನೆ. 2025ರಲ್ಲಂತೂ ಕ್ವಾರ್ಟರ್‌ಬ್ಯಾಕ್ ಆಗಿ ಮಾರ್ಕ್ ಗ್ರೊನೊವ್‌ಸ್ಕಿಯನ್ನು ಕರೆತಂದರು. ಆ 7–3ರ ದಿನ ಎದುರು ಪಾಳೆಯದಲ್ಲಿ ನಿಂತು ಟೇಲರ್‌ನ ಪಂಟ್‌ಗಳಿಂದ ಒದ್ದಾಡಿದ ಹುಡುಗ ಇವನೇ. ಮುಖ್ಯ ಕೋಚ್ ಅವರೇ ಇದ್ದರೂ ಹೊಸ ಬಾಗಿಲು ತೆರೆಯಲು ಒಪ್ಪಿದ್ದಾರೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಬೂ ಎನ್ನುವ ಬಗ್ಗೆ ನನ್ನ ಮಾತು ನಿಮಗೆ ಕಹಿಯಾದೀತು. ತಡೆಯಬೇಕಿತ್ತು. ಮಗ ಕೂಗಿದ್ದು ಪ್ಲೇ ಕರೆದವರ ಮೇಲೆ ಇರಬಹುದು. ಮೈದಾನದ ನಡುವೆ ನಿಂತು ಅದನ್ನು ಕೇಳಿಸಿಕೊಂಡವನು ಎರಡನೆಯ ಕ್ವಾರ್ಟರ್‌ಬ್ಯಾಕ್, ಹೆಚ್ಚುಕಡಿಮೆ ನಿಮ್ಮ ಮಗನ ವಯಸ್ಸಿನವನು. ಅವನು ಪ್ಲೇ ಆರಿಸಲಿಲ್ಲ, ಒಪ್ಪಂದ ಬರೆಯಲಿಲ್ಲ. ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡತೊಡಗಿದ್ದು 2025ರ ಜುಲೈನಿಂದ. ಅದಕ್ಕೂ ಮೊದಲು ಆಡಿದ ಹುಡುಗರಿಗೆ ವಿದ್ಯಾರ್ಥಿವೇತನ, ಅದೃಷ್ಟವಿದ್ದರೆ ಜಾಹೀರಾತಿನ ದುಡ್ಡು. ಎಂಟೂವರೆ ಲಕ್ಷ ಡಾಲರ್ ಪಡೆಯುವವರಿಗೆ ಹೇಳಬೇಕಾದ ಮಾತನ್ನು ಅವನ ಮೇಲೆ ಎಸೆಯಬಾರದು. ಮಗನಿಗೆ ಬೈಯಬೇಡಿ, ಇಷ್ಟನ್ನು ಹೇಳಿ.

ಟಿಕೆಟ್ ತೆಗೆದುಕೊಳ್ಳಿ. ನಿಮ್ಮ ಪತ್ರವಿಡೀ ಆ ತಂಡದ ಮೇಲಿನ ಪ್ರೀತಿಯಿದೆ, ಕಿನ್ನಿಕ್‌ನ ಸೀಟು ಬಿಟ್ಟರೆ ಸಿಟ್ಟು ಹೋಗುವುದಿಲ್ಲ, ಆಟ ನೋಡುವ ಶನಿವಾರವೇ ಕೈತಪ್ಪುತ್ತದೆ. ಹಣ ಕಟ್ಟುವಾಗ ಅಥ್ಲೆಟಿಕ್ ಡೈರೆಕ್ಟರ್ ಕಚೇರಿಗೆ ಒಂದು ಪುಟದ ಪತ್ರ ಬರೆಯಿರಿ. ನಮಗೆ ಬರೆದ ಹಾಗೆಯೇ, ಲಪೋರ್ಟಾನ ಲೆಕ್ಕ ಸೇರಿಸಿ, ಬೈಗುಳ ತೆಗೆದು. ಈ ಸಲ ಹೆಸರು ಹಾಕಿ.

— ಸಂಪಾದಕ