ಮೊದಲು ಕೂದಲು ಯಾವ ಕಡೆ ಮಲಗಿದೆ ನೋಡಿ

ಐದು ಬ್ಲೇಡಿನ ರೇಜರ್ ತಂದರೂ ಕತ್ತಿನ ಕೂದಲು ಪೂರ್ತಿ ಹೋಗಲ್ಲ, ಮೇಲಿಂದ ಕೆಂಪು ಗುಳ್ಳೆ ಬೇರೆ ಅಂತ ಕೇಳಿದ್ದೀರಲ್ವಾ, ಕೋಲಾರಕ್ಕೆ ಬಂದ ಹೊಸದರಲ್ಲಿ ನನಗೂ ಇದೇ ಗೋಳು. ಎರಡು ದಿನ ಶೇವ್ ಮಾಡದೆ ಬಿಟ್ಟು ಕತ್ತಿನ ಮೇಲೆ ಬೆರಳಾಡಿಸಿ. ಗಂಟಲಮಣಿ ಕೆಳಗೆ ತುಂಬಾ ಜನರಿಗೆ ಕೂದಲು ಅಡ್ಡ ಬೆಳೆದಿರುತ್ತದೆ, ಕೆಲವರಿಗೆ ಕೆಳಗಿಂದ ಮೇಲಕ್ಕೆ. ಅದು ಮಲಗಿದ ಕಡೆಗೇ ಬ್ಲೇಡ್ ಎಳೆಯಿರಿ, ಒತ್ತಬೇಡಿ. ಬ್ಲೇಡ್ ಜಾಸ್ತಿಯಾದರೆ ಕೂದಲು ಚರ್ಮಕ್ಕಿಂತ ಕೆಳಗೆ ತುಂಡಾಗಿ, ಮತ್ತೆ ಬೆಳೆಯುವಾಗ ಒಳಗೇ ಸುತ್ತಿಕೊಳ್ಳಬಹುದು, ಆ ಗುಳ್ಳೆ ಬರುವುದು ಹಾಗೆ. ಒಂದೇ ಬ್ಲೇಡಿನ ಹಳೇ ಸೇಫ್ಟಿ ರೇಜರ್ ಸಾಕು. ಇನ್ನೊಂದು, ನಮ್ಮ ಬೋರ್‌ವೆಲ್ ನೀರು ಗಡಸು, ನೊರೆ ನಿಲ್ಲುವುದಿಲ್ಲ. ಸುಮ್ನೆ ಕ್ರೀಮ್ ಸುರಿಯುವ ಬದಲು ಕುಡಿಯುವ ಕ್ಯಾನ್ ನೀರನ್ನೇ ಒಂದು ಮಗ್ ಬೆಚ್ಚಗೆ ಮಾಡಿಕೊಳ್ಳಿ (ಮನೆಯವರು ಬೈಯುತ್ತಾರೆ, ಬೈಯಲಿ). ಗುಳ್ಳೆಯಲ್ಲಿ ಕೀವು ಕಂಡರೆ ಮಾತ್ರ ರೇಜರ್ ಪಕ್ಕಕ್ಕಿಟ್ಟು ಚರ್ಮದ ಡಾಕ್ಟರಿಗೆ ತೋರಿಸಿ.