ಮೇಜಿನ ಮೇಲಿನ ಬಿಳಿ ಕಲೆಗೆ ಇಡೀ ಪಾಲಿಶ್ ಕೆರೆಸಬೇಕೆ?

ತಾತನ ಕಾಲದ ತೇಗದ ಊಟದ ಮೇಜಿನ ಮೇಲೆ ಬಿಸಿ ಕುಕ್ಕರ್ ಇಟ್ಟಿದ್ದರಿಂದ ಬಿಳಿ ಉಂಗುರ ಮೂಡಿದೆ, ಹಳೆಯ ಪಾಲಿಶನ್ನು ಪೂರ್ತಿ ಕೆರೆದು ಪಿ.ಯು. (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ತರಹದ ಗಟ್ಟಿ ಪಾಲಿಶ್) ಹೊಡೆಸಿ ಎಂದು ಬಡಗಿಯವರು ಹೇಳುತ್ತಿದ್ದಾರೆ, ಒಪ್ಪಬಹುದೇ ಎಂದು ಕೇಳಿದ್ದೀರಿ. ಹಳೆಯ ಮರದ ಸಾಮಾನುಗಳಿಗೆ ಪಾಲಿಶ್ ಮಾಡುವುದೇ ನನ್ನ ಕಸುಬು. ನನ್ನನ್ನು ಕೇಳಿದರೆ, ಸದ್ಯಕ್ಕೆ ಒಪ್ಪಬೇಡಿ.

ಮೊದಲು ಮೇಜಿಗೆ ಹಚ್ಚಿರುವುದು ಯಾವ ಪಾಲಿಶ್ ಎಂದು ತಿಳಿದುಕೊಳ್ಳಬೇಕು. ಹಲಗೆಯ ಕೆಳಅಂಚಿನಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಸ್ಪಿರಿಟ್ಟಿನಲ್ಲಿ (ಪಾಲಿಶಿಗೆ ಬಳಸುವ ಮಿಥೈಲೇಟೆಡ್ ಸ್ಪಿರಿಟ್) ಅದ್ದಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮೇಲ್ಮೈ ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಹತ್ತಿದರೆ ಅದು ಅರಗಿನಿಂದ (ಶೆಲ್ಯಾಕ್) ಮಾಡಿದ ಫ್ರೆಂಚ್ ಪಾಲಿಶ್. ನೀವು ಹೇಳುವ ಕಾಲದ ಮೇಜಾದರೆ ಬಹುಮಟ್ಟಿಗೆ ಅದೇ ಇದ್ದೀತು.

ಅರಗು ಬಿಸಿಗೆ ಬೇಗ ಮೆತ್ತಗಾಗುತ್ತದೆ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರು ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜುವ ಕಾವಿಗೇ ಅದು ಕರಗಿ ಹರಡಿಕೊಳ್ಳುತ್ತದೆ; ಹೀಗಿರುವಾಗ ಒಲೆಯಿಂದ ಇಳಿಸಿದ ಕುಕ್ಕರಿಗೆ ನಿಮ್ಮ ಮೇಜಿನ ಪಾಲಿಶ್ ತಡೆಯದಿದ್ದುದರಲ್ಲಿ ಆಶ್ಚರ್ಯವಿಲ್ಲ. ಮೆತ್ತಗಾದ ಪದರದೊಳಗೆ ತೇವ ಸಿಕ್ಕಿಕೊಂಡು ಬೆಳಕನ್ನು ಚದುರಿಸುವುದರಿಂದ ಅಲ್ಲಿ ಬಿಳಿಯಾಗಿ ಕಾಣುತ್ತದೆ. ಮರಕ್ಕೆ ಏನೂ ಆಗಿರುವುದಿಲ್ಲ. ಕಲೆ ಕಪ್ಪಗಿದ್ದರೆ ಮಾತ್ರ ನೀರು ಮರದವರೆಗೆ ಇಳಿದಿದೆ ಎಂದರ್ಥ. ಆಗ ಪಾಲಿಶ್ ತೆಗೆದು ಆಕ್ಸಾಲಿಕ್ ಆಸಿಡ್ ಹಾಕಬೇಕಾಗುತ್ತದೆ, ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ.

ಬಿಳಿ ಕಲೆಗೆ, ಒಗೆದು ಮೆತ್ತಗಾದ ಹಳೆಯ ಪಂಚೆಯ ತುಂಡಿನೊಳಗೆ ಹತ್ತಿ ಇಟ್ಟು ನಿಂಬೆಹಣ್ಣಿನಷ್ಟು ಗಂಟು ಕಟ್ಟಿಕೊಳ್ಳಿ. ಅದಕ್ಕೆ ಸ್ವಲ್ಪವೇ ಸ್ಪಿರಿಟ್ ಹಾಕಿ, ಕೆನ್ನೆಗೆ ಮುಟ್ಟಿಸಿದರೆ ತಣ್ಣಗನಿಸಬೇಕೇ ಹೊರತು ಒದ್ದೆಯಾಗಬಾರದು, ಕಲೆಯ ಮೇಲೆ ಹಗುರವಾಗಿ ಸವರಿಕೊಂಡು ಹೋಗಿ. ಗಂಟನ್ನು ಒಂದೇ ಕಡೆ ನಿಲ್ಲಿಸಿದರೆ ಪಾಲಿಶ್ ಕಿತ್ತುಕೊಂಡು ಬರುತ್ತದೆ. ಆರಲು ಬಿಟ್ಟು, ಬೇಕಿದ್ದರೆ ಮತ್ತೆ ಸವರಿ. ಹೆಚ್ಚಿನ ಕಲೆಗಳು ಇಷ್ಟಕ್ಕೇ ಹೋಗುತ್ತವೆ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಕಿಟಕಿ ತೆರೆದಿರಲಿ, ದೇವರ ದೀಪವೂ ಹತ್ತಿರದಲ್ಲಿ ಉರಿಯುತ್ತಿರಬಾರದು.

ಆ ಜಾಗದ ಹೊಳಪು ಕುಂದಿದ್ದರೆ, ಒಂದು ಲೀಟರ್ ಸ್ಪಿರಿಟ್ಟಿಗೆ ಸುಮಾರು 120 ಗ್ರಾಂ ಲೆಕ್ಕದಲ್ಲಿ ಅರಗಿನ ಚಕ್ಕೆಗಳನ್ನು ರಾತ್ರಿಯಿಡೀ ನೆನೆಸಿ, ತೆಳು ಬಟ್ಟೆಯಲ್ಲಿ ಸೋಸಿ, ಅದೇ ಗಂಟಿನಿಂದ ತೆಳ್ಳಗೆ ಹಚ್ಚಿ. ತಿಂಗಳುಗಟ್ಟಲೆ ಇಟ್ಟ ದ್ರಾವಣ ಸರಿಯಾಗಿ ಆರದೆ ಜಿಗುಟಾಗಿಯೇ ಉಳಿಯುವುದರಿಂದ ಹೊಸದಾಗಿ ಮಾಡಿಕೊಳ್ಳುವುದೇ ಮೇಲು. ಮಲೆನಾಡಿನವರಾಗಲಿ ಕರಾವಳಿಯವರಾಗಲಿ ಮಳೆಗಾಲದಲ್ಲಿ ಇದಕ್ಕೆ ಕೈಹಾಕಬಾರದು, ಏಕೆಂದರೆ ಗಾಳಿಯ ತೇವ ಸೇರಿ ಹೊಸ ಪದರವೂ ಮಂಜುಮಂಜಾಗುತ್ತದೆ.

ಹೊಸ ಅರಗು ಹಳೆಯ ಅರಗನ್ನು ಕರಗಿಸಿ ಅದರೊಳಗೇ ಬೆರೆತುಕೊಳ್ಳುವುದರಿಂದ ತೇಪೆಯ ಅಂಚು ಕಾಣುವುದಿಲ್ಲ. ಕೆರೆಸಬೇಡಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಪಿ.ಯು. ಹಾಗಲ್ಲ, ಒಂದು ಪದರದ ಮೇಲೆ ಇನ್ನೊಂದು ಬೇರೆಯಾಗಿಯೇ ಕೂರುತ್ತದೆ. ಒಂದು ಕಡೆ ಎದ್ದು ಬಂದರೆ ಸಾಮಾನ್ಯವಾಗಿ ಇಡೀ ಹಲಗೆಯನ್ನೇ ಮತ್ತೆ ಉಜ್ಜಿಸಬೇಕಾಗುತ್ತದೆ. ಬಿಸಿಯನ್ನೂ ನೀರನ್ನೂ ಅದು ಹೆಚ್ಚು ತಡೆಯುತ್ತದೆ ಎಂಬುದು ನಿಜ, ಬಡಗಿಯವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಕೆರೆಯುವಾಗ ಹಲವು ದಶಕಗಳಿಂದ ಮಾಗಿದ ಮರದ ಮೇಲ್ಪದರವೂ ಹೋಗುತ್ತದೆ, ಆ ಬಣ್ಣ ಮತ್ತೆ ಬರಲು ವರ್ಷಗಳೇ ಬೇಕು.

ಸ್ಪಿರಿಟ್ ಪರೀಕ್ಷೆಯಲ್ಲಿ ಪಾಲಿಶ್ ಸ್ವಲ್ಪವೂ ಕದಲದಿದ್ದರೆ ಅದು ಮೆಲಮೈನ್ ಎಂಬ ಇನ್ನೊಂದು ಕೃತಕ ಪಾಲಿಶ್ ಅಥವಾ ಪಿ.ಯು. ಇರಬಹುದು. ಆಗ ಮೇಲೆ ಹೇಳಿದ ಯಾವುದನ್ನೂ ಮಾಡದೆ, ಹತ್ತಿರದಿಂದ ತೆಗೆದ ಒಂದು ಫೋಟೋ ಹಾಕಿ.